ಬಾಗಿಲಮ್ಮನ ಬುಟ್ಟಿಯ ಬೆಳ್ಳಿ ಕಪ್

ಕಪ್ ಇರಲಿಲ್ಲ!

ಗಾಜಿನ ಬೀರುವಿನ ಬಾಗಿಲು ತೆರೆದು ಕೈ ಚಾಚಿದ ಹೆಡ್‌ಮಾಸ್ಟರ್ ನರಸಿಂಹಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯುವುದನ್ನೇ ಮರೆತರು. ಒಳಗೆ ಕೆಂಪು ಮಖಮಲ್ಲು ಇತ್ತು. ಅದರ ಮೇಲೆ ಕಪ್ ಕೂತು ಕೂತು ಬಿದ್ದ ದುಂಡನೆಯ ಗುರುತೂ ಇತ್ತು. ಕೋಲಾರದವರನ್ನು ಫುಟ್‌ಬಾಲಿನಲ್ಲಿ ಸೋಲಿಸಿ ತಂದ ಎರಡು ಕಿವಿಯ ಬೆಳ್ಳಿ ಕಪ್ ಮಾತ್ರ ಇರಲಿಲ್ಲ.

ಹೊರಗೆ ಅಂಗಳದಲ್ಲಿ ಫೋಟೋದವನು ಕರಿ ಬಟ್ಟೆಯೊಳಗಿಂದಲೇ ಕೂಗಿದ. "ಬೇಗ ಕಪ್ ತನ್ನಿ ಸಾರ್! ಯುದ್ಧದ ಕಾಲ, ಫೋಟೋ ಪ್ಲೇಟು ಸಿಗಲ್ಲ, ಇರೋದೇ ಒಂದು. ಬಿಸಿಲು ಏರಿದ್ರೆ ಮುಖ ಎಲ್ಲಾ ಕಪ್ಪಾಗಿ ಬೀಳ್ತವೆ!"

ಮುಖಗಳು ಆಗಲೇ ಕಪ್ಪಾಗಿದ್ದವು.

ಆ ಸೋಮವಾರ ಮುನಿಯಲ್ಲಮ್ಮನ ಕೆಲಸದ ಕಡೆಯ ದಿನ. ಮುಳಬಾಗಿಲಿನ ಆ ಗಂಡುಹುಡುಗರ ಹೈಸ್ಕೂಲಿಗೆ ಯಾರೇ ಕಾಲಿಡಲಿ, ಮೊದಲು ಮುಂಬಾಗಿಲ ಬೆಂಚಿನ ಮೇಲೆ ಕೂತ ಅವಳಿಗೆ ಉತ್ತರ ಹೇಳಬೇಕು. ಯಾರು? ಯಾವೂರು? ಏನು ವಿಷಯ? ದೊಡ್ಡ ಸಾಹೇಬರು ಬಂದರೂ ಅದೇ ಪ್ರಶ್ನೆ, ಮಗನನ್ನು ನೋಡಲು ಆವನಿಯಿಂದ ನಡೆದು ಬಂದ ತಾಯಿಗೂ ಅದೇ ಪ್ರಶ್ನೆ. ಸ್ಕೂಲು ಕಟ್ಟಿಸಿದ ಹಿರಿಯರು ಬಲು ಹಿಂದೆಯೇ ಹೇಳಿದ್ದರಂತೆ, "ಹಳ್ಳಿ ಹೆಂಗಸರು ಗಂಡಸರ ಮುಂದೆ ಬಾಯಿ ಬಿಡಲ್ಲ, ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಇರಲಿ" ಅಂತ. ಗಂಡನನ್ನು ಪ್ಲೇಗಿಗೆ ಕೊಟ್ಟು ಕೂತಿದ್ದ ಮುನಿಯಲ್ಲಮ್ಮ ಅಂದು ಆ ಬೆಂಚಿಗೆ ಬಂದವಳು. ಹುಡುಗರ ಬಾಯಲ್ಲಿ ಅವಳು ಬಾಗಿಲಮ್ಮ. ಅವಳ ಬಾಯಿಗೆ ಹೆದರದ ಹುಡುಗ ಆ ತಾಲ್ಲೂಕಿನಲ್ಲಿ ಹುಟ್ಟಿರಲಿಲ್ಲ.

ಇವತ್ತು ಅವಳನ್ನು ನಡುವೆ ಕೂರಿಸಿ, ಕಾಲ ಬಳಿ ಕಪ್ ಇಟ್ಟು ಫೋಟೋ ತೆಗೆಯುವುದು. ಸಾಯಂಕಾಲ ಹಾರ, ಸೀರೆ, ಉಪಾಧ್ಯಾಯರೆಲ್ಲ ಸೇರಿ ತಂದ ಒಂದು ಹಿತ್ತಾಳೆ ಬಿಂದಿಗೆ. ಬಿಂದಿಗೆ ಆಗಲೇ ಸ್ಕೂಲಿನ ದೊಡ್ಡ ಹಾಲಿನ ಮೇಜಿನ ಮೇಲೆ ಫಳಫಳ ಹೊಳೆಯುತ್ತಿತ್ತು.

"ಬೀಗದ ಕೈ ಯಾರ ಹತ್ರ?" ಎಂದು ಕೇಳಿದವರು ಕಮಿಟಿ ಸೆಕ್ರೆಟರಿ ಕೋದಂಡರಾಮಪ್ಪ. ಜರಿ ರುಮಾಲು, ಇಸ್ತ್ರಿ ಮಾಡಿದ ಕೋಟು. ಹಿಂದಿನ ದಿನವಷ್ಟೇ ಅವರ ಮಗಳ ನಿಶ್ಚಿತಾರ್ಥ ಶ್ರೀನಿವಾಸಪುರದ ಮಾವಿನ ತೋಪಿನವರ ಹುಡುಗನ ಜೊತೆ ಆಗಿತ್ತು. ಬೀಗರ ಮುಂದೆ ಬೀಗಿದ ಗತ್ತು ಇನ್ನೂ ಮೈಯಿಂದ ಇಳಿದಿರಲಿಲ್ಲ.

"ಎರಡಿದೆ," ಎಂದರು ಹೆಡ್‌ಮಾಸ್ಟರು. "ಒಂದು ನನ್ನ ಮೇಜಿನ ಡ್ರಾಯರಿನಲ್ಲಿ. ಇನ್ನೊಂದು... ಮುನಿಯಲ್ಲಮ್ಮನ ಸೊಂಟದಲ್ಲಿ."

ಎಲ್ಲರ ಕಣ್ಣೂ ಆ ಸೊಂಟದ ಮೇಲೆ ಬಿತ್ತು. ಹೆಡ್‌ಮಾಸ್ಟರ ಡ್ರಾಯರಿನ ಕಡೆ ಒಂದು ಕಣ್ಣೂ ಹೋಗಲಿಲ್ಲ. ಲೋಕ ಇರುವುದೇ ಹೀಗೆ, ಏನು ಮಾಡೋಣ?

ಸೆಕ್ರೆಟರಿ ದನಿ ತಗ್ಗಿಸಿದರು. "ನೋಡಮ್ಮ, ಹಳಬಳು ನೀನು. ಪೊಲೀಸು ಗಿಲೀಸು ಅಂತ ಸ್ಕೂಲಿನ ಮಾನ ಬೀದಿಗೆ ಹಾಕೋದು ಬೇಡ. ಸಭೆನೂ ಬೇಡ. ಹಿಂದಿನ ಗೇಟಿಂದ ಸುಮ್ನೆ ಹೊರಟು ಹೋಗು. ನಾವೂ ಮರೀತೀವಿ, ನೀನೂ ಮರಿ."

ಮುನಿಯಲ್ಲಮ್ಮನ ಮೈಯೆಲ್ಲ ಉರಿದುಹೋಯಿತು. ಅಳು ಬಂತು. ಅದನ್ನು ನುಂಗಿದಳು. ಇವರ ಮುಂದೆ ಅಳುವುದೇ? ಅವಳ ಕಾಲ ಚಪ್ಪಲಿಯೂ ಅಳುವುದಿಲ್ಲ!

"ಏನಂದ್ರಿ ಸ್ವಾಮಿ? ಹಿಂದಿನ ಗೇಟಾ? ಅದು ಇರೋದು ಕಸದ ಗಾಡಿಗೆ, ಬೀದಿ ಎಮ್ಮೆಗೆ. ನಾನು ಮುಂದಿನ ಬಾಗಿಲಿಂದ ಬಂದೋಳು, ಮುಂದಿನ ಬಾಗಿಲಿಂದ್ಲೇ ಹೋಗೋಳು. ಕಳ್ಳಿ ಅನ್ನೋ ಹೆಸರು ತಲೆ ಮೇಲೆ ಹೊತ್ಕೊಂಡು ಈ ಹೊಸಿಲು ದಾಟಲ್ಲ. ಕರೀರಿ ಪೊಲೀಸ್ನೋರ್ನ!"

"ಲೇ, ಹೇಳಿದ್ದು ಕೇಳು..."

"ಲೇ ಗೀ ಅನ್ಬೇಡಿ. ಕದ್ದಿದ್ದು ಗೊತ್ತಾದ್ಮೇಲೆ ಅನ್ನೀರಂತೆ. ಕದಿರೇಶಪ್ಪಾ, ಸೈಕಲ್ ತಗೊಂಡು ನಡಿ ಸ್ಟೇಷನ್‌ಗೆ. ಬಾಗಿಲಮ್ಮ ಕರೀತಾಳೆ ಅಂತ ಹೇಳು."

ಡ್ರಿಲ್ ಮೇಷ್ಟ್ರು ಕದಿರೇಶ ಸೆಕ್ರೆಟರಿಯ ಮುಖ ನೋಡಿದ, ಅವಳ ಮುಖ ನೋಡಿದ, ಸೈಕಲ್ ಹತ್ತಿದ. ಮುನಿಯಲ್ಲಮ್ಮ ಹೋಗಿ ತನ್ನ ಬೆಂಚಿನ ಮೇಲೆ ಕೂತಳು. ಫೋಟೋದವನು ಗೊಣಗುತ್ತ ಕರಿ ಬಟ್ಟೆ ಮಡಿಸಿದ.

ಸಬ್ ಇನ್‌ಸ್ಪೆಕ್ಟರು ಯಾವುದೋ ಜಮೀನು ಜಗಳಕ್ಕೆ ಆವನಿಗೆ ಹೋಗಿದ್ದರು. ಬರುವುದು ಮಧ್ಯಾಹ್ನವೇ. ಅಲ್ಲಿಯವರೆಗೆ ಪಾಠ ನಡೆಯಿತು, ಹೆಸರಿಗೆ. ಊಟದ ಹೊತ್ತಿಗೆ ಹೆಡ್‌ಮಾಸ್ಟರು ಹೊರಗೆ ಹೋಗಿ ಬಂದರು. ಕದಿರೇಶ ಹೋಗಿ ಬಂದ. ಸೆಕ್ರೆಟರಿಯೂ ಮನೆಗೆ ಹೋಗಿ, ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ತಿರುಗಿ ಬಂದರು.

"ಯಾರು? ಏನು ವಿಷಯ?" ಎಂದಳು ಮುನಿಯಲ್ಲಮ್ಮ, ಕೂತಲ್ಲಿಂದ ಏಳದೆ.

"ನನ್ನೇ ಕೇಳ್ತೀಯಾ?"

"ಸಾಯಂಕಾಲದ ತನಕ ಕೇಳೋದೇ ನನ್ನ ಕೆಲಸ ಸ್ವಾಮಿ. ಆಮೇಲೆ ಬೇಕಾದ್ರೆ ಯಾರೂ ಕೇಳದೇ ಇರ್ಲಿ."

"ಛತ್ರಿ ಇಡೋಕೆ!" ಎಂದು ಗದರಿ, ಹಾಲಿನ ಮೂಲೆಯ ಚಿಕ್ಕ ಕೋಣೆಗೆ ನುಗ್ಗಿದರು. ಛತ್ರಿ, ಬುತ್ತಿ, ಚೆಂಡು ಎಲ್ಲ ಇಡುವ ಕೋಣೆ ಅದು. ಹೆಡ್‌ಮಾಸ್ಟರೂ ಅಲ್ಲೇ ಛತ್ರಿ ಇಟ್ಟರು. ಕದಿರೇಶನೂ ಫುಟ್‌ಬಾಲಿಗೆಂದು ಒಳಗೆ ಹೊಕ್ಕು ಬಂದ. ಕುರುಡುಮಲೆಯ ಮಗಳ ಮನೆಗೆ ಹೊರಡಲು ಮುನಿಯಲ್ಲಮ್ಮ ಕಟ್ಟಿಟ್ಟ ಮುಚ್ಚಳದ ಬುಟ್ಟಿಯೂ ಆ ಕೋಣೆಯಲ್ಲೇ ಇತ್ತು.

ಸಬ್ ಇನ್‌ಸ್ಪೆಕ್ಟರ್ ಚನ್ನರಾಯಪ್ಪ ಬಂದಾಗ ಬೂಟಿಗೆಲ್ಲ ಕೆಂಪು ಧೂಳು. ಹೋಳೂರಿನ ರೈತರ ಮಗ. ಇದೇ ಸ್ಕೂಲಿನಲ್ಲಿ ಓದಿದವನು. ತಡವಾಗಿ ಬಂದು ಇದೇ ಬಾಗಿಲಲ್ಲಿ ಕಿವಿ ಹಿಂಡಿಸಿಕೊಂಡವನು.

"ಏನಪ್ಪಾ ಚನ್ನರಾಯಪ್ಪ," ಎಂದಳು ಮುನಿಯಲ್ಲಮ್ಮ. "ಹಳೇ ಬಾಗಿಲಮ್ಮ ಅಂತ ಮುಲಾಜು ನೋಡ್ಬೇಡ. ಮೊದ್ಲು ನನ್ನ ಬುಟ್ಟಿನೇ ನೋಡು. ಎಲ್ಲರ ಮುಂದೇನೇ ನೋಡು."

"ಆಗ್ಲಮ್ಮ."

ಬುಟ್ಟಿ ಹಾಲಿಗೆ ಬಂತು. ಮುಚ್ಚಳ ತೆಗೆದರು. ಮೇಲೆ ಮಡಿಸಿದ ಸೀರೆಗಳು. ಅದರ ಕೆಳಗೆ ಬಿಳಿ ಬಟ್ಟೆಯ ಗಂಟು. ಮುನಿಯಲ್ಲಮ್ಮ ಕಣ್ಣು ಕಿರಿದು ಮಾಡಿದಳು. ತಾನು ಇಂಥ ಗಂಟು ಕಟ್ಟಿರಲಿಲ್ಲವಲ್ಲ?

ಚನ್ನರಾಯಪ್ಪ ಗಂಟು ಬಿಚ್ಚಿದ.

ಬೆಳ್ಳಿ ಕಪ್!

"ಅಯ್ಯೋ ನನ್ನಪ್ಪಾ!" ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಗೋಡೆ ಹಿಡಿದು ನಿಂತಳು, ಕೂರಲಿಲ್ಲ. ಈಗ ಕೂತರೆ ತಪ್ಪು ಒಪ್ಪಿಕೊಂಡಂತೆ ಎಂದು ಅನ್ನಿಸಿತು.

"ನೋಡಿದ್ರಾ?" ಸೆಕ್ರೆಟರಿ ಕೈ ತಟ್ಟಿದರು. "ನಾನು ಬೆಳಿಗ್ಗೆನೇ ಹೇಳ್ದೆ. ಮರ್ಯಾದೆಯಾಗಿ ಹೋಗು ಅಂದ್ರೆ ಕೇಳಿದ್ಲಾ?"

"ನಾನಿಟ್ಟಿಲ್ಲ!" ಮುನಿಯಲ್ಲಮ್ಮನ ದನಿ ಹಾಲಿನ ಸೂರಿಗೆ ಬಡಿಯಿತು. "ಕುರುಡುಮಲೆ ಗಣಪ್ಪನ ಮುಂದೆ ನಿಂತು ಹೇಳ್ತೀನಿ, ನಾನಿಟ್ಟಿಲ್ಲ. ಜೈಲಿಗೆ ಹಾಕ್ತೀರಾ? ಹಾಕಿ. ಆದ್ರೆ ಹಿಂದಿನ ಗೇಟಿಂದ ಕರ್ಕೊಂಡು ಹೋಗೋಕೆ ಬಿಡಲ್ಲ. ಬೇಡಿ ಹಾಕಿದ್ರೂ ಸರಿ, ಮುಂದಿನ ಬಾಗಿಲಿಂದ್ಲೇ ನಡೀತೀನಿ!"

ಚನ್ನರಾಯಪ್ಪ ಆ ಮಾತಿಗೆ ತಲೆ ಎತ್ತಲಿಲ್ಲ. ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದ. ತಳದಲ್ಲಿ ಒಂದು ಹಿಡಿ ಅಕ್ಕಿ. ಅಕ್ಕಿಯ ಮೇಲೆ ಒಂದು ಚೂರು ಬೆಲ್ಲ.

"ಇದೇನು?"

"ಬುಟ್ಟೀಲಿದ್ದ ಅಡಿಗೆ ಸಾಮಾನು ಒಳಗೆ ಉದುರಿರುತ್ತೆ, ಬಿಡಿ," ಎಂದರು ಸೆಕ್ರೆಟರಿ.

ಚನ್ನರಾಯಪ್ಪ ಬುಟ್ಟಿಯನ್ನು ತಳದ ತನಕ ತೆಗೆದು ನೋಡಿದ. ಸೀರೆಗಳು, ಎಲೆಅಡಿಕೆ ಚೀಲ, ರಾಗಿ ಹಿಟ್ಟಿನ ಡಬ್ಬಿ. ಅಕ್ಕಿ ಇಲ್ಲ, ಬೆಲ್ಲ ಇಲ್ಲ. ಕಪ್ಪನ್ನು ಬಿಂದಿಗೆಯ ಪಕ್ಕ ಇಟ್ಟ.

"ಈ ಕಪ್ ಕೊನೇಗೆ ಕಂಡಿದ್ದು ಯಾವಾಗ?"

"ಶನಿವಾರ ಮನೆಗೆ ಹೊರಡೋವಾಗ ನಾನೇ ಒರೆಸಿ ಇಟ್ಟೆ," ಎಂದಳು ಮುನಿಯಲ್ಲಮ್ಮ.

"ಆಮೇಲೆ ಒಳಗೆ ಯಾರಿದ್ರು?"

"ನಾವು ಮೂವರು," ಎಂದರು ಹೆಡ್‌ಮಾಸ್ಟರು. "ನನ್ನ ರೂಮಿನಲ್ಲಿ ಕೂತು ಇವತ್ತಿನ ಸಭೆ ವಿಚಾರ ಮಾತಾಡಿದ್ವಿ. ನಾನು, ಕದಿರೇಶ, ಸೆಕ್ರೆಟರಿಯವರು."

"ಡ್ರಾಯರಿಗೆ ಬೀಗ?"

ಹೆಡ್‌ಮಾಸ್ಟರು ತಲೆ ಕೆರೆದುಕೊಂಡರು. "ಹಾಕೋ ರೂಢಿ ಇಲ್ಲ."

"ಕದಿರೇಶಪ್ಪನೋರೇ, ಈ ಕಪ್ ವಿಷಯಕ್ಕೆ ನಿಮಗೂ ಹೆಡ್‌ಮಾಸ್ಟರಿಗೂ ಮಾತು ಬಂದಿತ್ತಂತೆ?"

ಕದಿರೇಶನ ಮುಖ ಕೆಂಪಾಯಿತು. "ಹೌದು ಸಾರ್, ಬಂದಿತ್ತು. ಹುಡುಗರನ್ನ ಬೆಳಗಾಗೆದ್ದು ಓಡಿಸಿದೋನು ನಾನು. ಕಪ್ ಮೇಲೆ ನನ್ನ ಹೆಸರಿಲ್ಲ. ಬೇಜಾರಾಗಿತ್ತು. ಅದಕ್ಕೆ ಕದೀತೀನಾ? ಅದೂ ಈ ತಾಯಿ ಬುಟ್ಟಿಗೆ ಹಾಕ್ತೀನಾ?"

"ಹೋಗ್ಲಿ. ಇವತ್ತು ಮಧ್ಯಾಹ್ನ ಊಟ ಎಲ್ಲಿ ಮಾಡಿದ್ರಿ?"

ಇದೆಂಥ ಪ್ರಶ್ನೆ? ಮುನಿಯಲ್ಲಮ್ಮನಿಗೇ ಸಿಟ್ಟು ಬಂತು. ಇಲ್ಲಿ ತನ್ನ ಮಾನ ನೇಣಿಗೆ ತೂಗುತ್ತಿದೆ, ಈ ಪೊಲೀಸಪ್ಪ ಊಟದ ಮಾತು ಆಡುತ್ತಾನಲ್ಲ!

"ನಾನು ಒಂಟಿ," ಎಂದ ಕದಿರೇಶ. "ಹಾಸ್ಟೆಲ್ ಹುಡುಗರ ಪಂಕ್ತೀಲೇ ಊಟ."

"ಹೆಡ್‌ಮಾಸ್ಟರೇ, ನೀವು?"

"ಮನೆಯವಳು ಹೆರಿಗೆಗೆ ಮಾಲೂರಿಗೆ ಹೋಗಿದ್ದಾಳಪ್ಪ. ಮನೆ ಒಲೆ ಹಚ್ಚಿ ಎಷ್ಟು ದಿನ ಆಯ್ತೋ. ಬಸ್ ಸ್ಟ್ಯಾಂಡ್ ಹೋಟೆಲ್ಲೇ ಗತಿ."

"ಸೆಕ್ರೆಟರಿಯವರು?"

"ಇದೇನ್ರೀ ವಿಚಾರಣೆ?" ಕೋದಂಡರಾಮಪ್ಪ ಸಿಡುಕಿದರು. "ಮನೇಲಿ ಉಂಡೆ. ಹೆಂಡತಿ ಬಡಿಸಿದ್ಲು. ಅದೂ ಅಪರಾಧಾನಾ? ಕಳ್ಳತನದ ಮಾಲು ಕಣ್ಣ ಮುಂದಿದೆ, ಕಳ್ಳಿ ಕಣ್ಣ ಮುಂದಿದ್ದಾಳೆ. ಕರ್ಕೊಂಡು ನಡೀರಿ!"

"ಇಲ್ಲ ಸ್ವಾಮಿ. ಇದು ಕಳ್ಳರು ಇಟ್ಟ ಮಾಲಲ್ಲ," ಎಂದ ಚನ್ನರಾಯಪ್ಪ.

ಮುನಿಯಲ್ಲಮ್ಮ ಗೋಡೆಯಿಂದ ಕೈ ತೆಗೆದಳು.

ಚನ್ನರಾಯಪ್ಪ ಬೆಲ್ಲದ ಚೂರನ್ನು ಬೆರಳಲ್ಲಿ ಹಿಡಿದು ತೋರಿಸಿದ. "ಎಲ್ಲರೂ ಬೆಳ್ಳಿ ನೋಡಿದ್ರಿ. ಇದನ್ನ ಯಾರೂ ನೋಡ್ಲಿಲ್ಲ. ನಾನು ಚಿಕ್ಕೋನಾಗಿದ್ದಾಗ ನಮ್ಮಮ್ಮ ಪಕ್ಕದ ಮನೆ ಬಟ್ಟಲು ವಾಪಸ್ ಕೊಟ್ಟು ಬಾ ಅಂತ ಕಳಿಸಿದ್ಲು. ಬಟ್ಟಲಲ್ಲಿ ಒಂದು ಚೂರು ಬೆಲ್ಲ ಹಾಕಿದ್ಲು. ದಾರೀಲಿ ನಾನು ತಿಂದ್ಬಿಟ್ಟೆ. ಖಾಲಿ ಬಟ್ಟಲು ಕೊಟ್ಟು ಬಂದೆ ಅಂತ ಗೊತ್ತಾಗಿ ಬೆನ್ನು ಮುರಿಯೋ ಹಾಗೆ ಬಾರಿಸಿದ್ಲು. ಯಾಕೆ? ಎರವಲು ತಂದ ಪಾತ್ರೆ ಖಾಲಿ ವಾಪಸ್ ಕೊಡಬಾರದು. ಒಂದಿಷ್ಟು ಅಕ್ಕಿ, ಒಂದು ಚೂರು ಬೆಲ್ಲ, ಏನೂ ಇಲ್ಲದಿದ್ರೆ ಒಂದು ಹೂವಾದ್ರೂ ಹಾಕ್ಬೇಕು. ಮುಳಬಾಗಿಲಿಂದ ಮಾಲೂರ ತನಕ ಯಾವ ಮನೇಲಿ ಇದು ಗೊತ್ತಿಲ್ಲ ಹೇಳಿ?"

ಹೆಡ್‌ಮಾಸ್ಟರ ಬಾಯಿ ಅರ್ಧ ತೆರೆಯಿತು.

"ಕದ್ದೋನು ಬೆಲ್ಲ ಹಾಕ್ತಾನಾ? ಇಲ್ಲ. ತನ್ನ ಬುಟ್ಟೀಲಿ ತಾನೇ ಕಪ್ ಬಚ್ಚಿಡೋಳು ತನಗೆ ತಾನೇ ಬೆಲ್ಲ ಹಾಕ್ಕೋತಾಳಾ? ಅದೂ ಇಲ್ಲ. ಬೆಲ್ಲ ಹಾಕೋದು ವಾಪಸ್ ಕೊಡೋ ಕೈ. ಅಂದ್ರೆ ಶನಿವಾರ ಡ್ರಾಯರಿನ ಬೀಗದ ಕೈಯಿಂದ ಬೀರು ತೆಗೆದು ಈ ಕಪ್ಪನ್ನ ಒಂದು ಮನೆಗೆ ಒಯ್ದ್ರು. ಎರವಲು ಅಂತ ಆ ಮನೆಯಾಕೆಗೆ ಹೇಳಿದ್ರು. ಇವತ್ತು ಮಧ್ಯಾಹ್ನ ವಾಪಸ್ ಕಟ್ಟಿಕೊಡು ಅಂದ್ರು. ಆಕೆ ತೊಳೆದು, ಅಕ್ಕಿ ಬೆಲ್ಲ ಹಾಕಿ, ಶುದ್ಧ ಬಟ್ಟೇಲಿ ಗಂಟು ಕಟ್ಟಿದ್ಲು. ತಂದೋರಿಗೆ ಗಂಟು ಬಿಚ್ಚಿ ನೋಡೋ ಪುರುಸೊತ್ತು ಇರ್ಲಿಲ್ಲ. ಆ ಕೋಣೆಗೆ ನುಗ್ಗಿದ್ರು, ಬಾಗಿಲಮ್ಮನ ಬುಟ್ಟಿಗೆ ತುರುಕಿದ್ರು."

ಮುನಿಯಲ್ಲಮ್ಮನ ಕಣ್ಣ ಮುಂದೆ ಮಧ್ಯಾಹ್ನದ ಆ ಚೀಲ ಬಂತು. ಬರುವಾಗ ತುಂಬಿತ್ತು. ಕೋಣೆಯಿಂದ ಹೊರಗೆ ಬರುವಾಗ? ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು! ಅವಳು ತಿರುಗಿ ಸೆಕ್ರೆಟರಿಯನ್ನು ನೋಡಿದಳು. ಅವರು ರುಮಾಲು ಸರಿಮಾಡಿಕೊಳ್ಳುತ್ತಿದ್ದರು.

"ಕದಿರೇಶಪ್ಪನೋರ ಮನೇಲಿ ಹೆಂಗಸರಿಲ್ಲ. ಹೆಡ್‌ಮಾಸ್ಟರ ಮನೇಲಿ ಒಲೆನೇ ಹಚ್ಚಿಲ್ಲ. ಉಳಿದೋರು ಯಾರು ಸ್ವಾಮಿ?"

ಕೋದಂಡರಾಮಪ್ಪ ನಕ್ಕರು. "ಬೆಲ್ಲ ಹಿಡ್ಕೊಂಡು ಕೋರ್ಟಿಗೆ ಹೋಗ್ತೀರಾ? ಹೋಗಿ! ಒಂದು ಚೂರು ಬೆಲ್ಲ ಸಾಕ್ಷಿ ಹೇಳುತ್ತಾ? ನನ್ನಂಥೋನ ಮೇಲೆ..."

ಅಷ್ಟರಲ್ಲಿ ಬಾಗಿಲಲ್ಲಿ ಜಟಕಾ ನಿಂತಿತು. ಸಭೆಯಲ್ಲಿ ಮುನಿಯಲ್ಲಮ್ಮನಿಗೆ ಸೀರೆ ಕೊಡಲು ಮೊದಲೇ ಒಪ್ಪಿಕೊಂಡಿದ್ದ ಸೆಕ್ರೆಟರಿಯ ಹೆಂಡತಿ ಶ್ಯಾಮಲಮ್ಮ ಇಳಿದರು. ಸಭೆ ನಿಂತ ಸುದ್ದಿ ಅವರಿಗೆ ಯಾರೂ ಮುಟ್ಟಿಸಿರಲಿಲ್ಲ. ಗಂಡ ಹೆಂಡತಿಗೆ ಏನೂ ಹೇಳದೆ ಇದ್ದರೆ ಹೀಗೇ ಆಗುವುದು.

"ಶ್ಯಾಮಲಾ, ನೀನು ಮನೆಗೆ ಹೋಗು..." ಸೆಕ್ರೆಟರಿ ಮುಂದೆ ಬಂದರು.

ಚನ್ನರಾಯಪ್ಪ ಅಡ್ಡ ನಿಂತ. "ಬನ್ನಿ ತಾಯಿ. ಒಂದೇ ಮಾತು. ಈ ಪಾತ್ರೆಗೆ ಅಕ್ಕಿ ಬೆಲ್ಲ ಹಾಕಿದ್ದು ಯಾಕೆ?"

ಶ್ಯಾಮಲಮ್ಮನಿಗೆ ಸಂಕೋಚವಾಯಿತು, ತಪ್ಪು ಹಿಡಿದಿದ್ದಾರೇನೋ ಎಂದು. "ಅಯ್ಯೋ, ಕಡಿಮೆ ಆಯ್ತೇನಪ್ಪ? ನಿಶ್ಚಿತಾರ್ಥದಲ್ಲಿ ಅಕ್ಕಿ ಎಲ್ಲಾ ಖರ್ಚಾಗೋಗಿತ್ತು, ಒಂದು ಹಿಡೀನೇ ಸಿಕ್ಕಿದ್ದು. ಖಾಲಿ ಪಾತ್ರೆ ಹೆಂಗಪ್ಪ ವಾಪಸ್ ಕಳಿಸೋದು? ನಾಳೆ ಮದುವೆ ಆಗೋ ಹುಡುಗಿ ಇರೋ ಮನೆ!"

ಆ ತಾಯಿ ಮಾತು ನಿಲ್ಲಿಸಲಿಲ್ಲ.

"ಬೀಗರು ಕಣ್ಣು ಬಿಟ್ಕೊಂಡು ನೋಡಿದ್ರು ಮುನಿಯಲ್ಲಮ್ಮ. ಸರ್ಕಾರದೋರು ನಮ್ಮ ಯಜಮಾನರಿಗೆ ಕೊಟ್ಟಿದ್ದಂತೆ, ಸ್ಕೂಲಲ್ಲಿ ಇಟ್ಟಿದ್ರಂತೆ. ಮೇಲಿರೋ ಇಂಗ್ಲಿಷು ಓದೋಕೆ ಅವರಿಗೂ ಬರಲ್ಲ, ನಮಗೂ ಬರಲ್ಲ. ಸೋಮವಾರ ನಸುಕಿಗೇ ವಾಪಸ್ ಇಡ್ತೀನಿ ಅಂದಿದ್ರು, ಬೀಗರು ರಾತ್ರಿ ಉಳಿದಿದ್ರಿಂದ ತಡ ಆಯ್ತು. ಯಾಕೆ... ಯಾಕೆ ಎಲ್ಲಾ ಹಿಂಗೆ ನಿಂತಿದ್ದೀರಿ?"

ಗಂಡನ ಮುಖ ನೋಡಿದರು. ಬಿಚ್ಚಿದ ಬುಟ್ಟಿ ನೋಡಿದರು. ನೆಲದ ಮೇಲೆ ಹರಡಿದ ಮುನಿಯಲ್ಲಮ್ಮನ ಸೀರೆಗಳನ್ನು ನೋಡಿದರು. ತಡವಾಗಿಯಾದರೂ ಅರ್ಥವಾಯಿತು. ಕೈಯಲ್ಲಿದ್ದ ಸೀರೆಯ ಪೊಟ್ಟಣ ಎದೆಗವಚಿಕೊಂಡರು.

"ದೇವುಡಾ..." ಎಂದರು, ಅಷ್ಟೇ.

ಬೆಳಿಗ್ಗೆ ಕಪ್ ಇಲ್ಲವೆಂದು ಗೊತ್ತಾದ ಕ್ಷಣವೇ "ನಾನೇ ಒಯ್ದಿದ್ದೆ" ಎಂದಿದ್ದರೆ ನಾಲ್ಕು ಜನ ನಕ್ಕು ಮುಗಿಯುತ್ತಿತ್ತು. ಆ ನಗುವಿಗೆ ಹೆದರಿ ದೊಡ್ಡ ಮನುಷ್ಯರು ಒಬ್ಬ ಹೆಂಗಸಿನ ಜನ್ಮದ ಹೆಸರನ್ನು ಸುಡಲು ಹೊರಟಿದ್ದರು. ಥೂ!

"ಬಾಗಿಲಮ್ಮ," ಎಂದ ಚನ್ನರಾಯಪ್ಪ, "ಕೇಸು ಹಾಕ್ತೀನಿ. ಸುಳ್ಳು ಆಪಾದನೆ, ಮಾಲು ತುರುಕಿದ್ದು, ಎಲ್ಲಾ ಸೇರಿಸಿ. ನೀನು ಹ್ಞೂಂ ಅನ್ನು."

ಎಲ್ಲರೂ ಅವಳ ಬಾಯಿ ನೋಡಿದರು. ಸೆಕ್ರೆಟರಿ ಅತ್ತಿತ್ತ ನೋಡಿ, ಕೈ ಜೋಡಿಸಿದರು. "ಮುನಿಯಲ್ಲಮ್ಮ, ಮಗಳ ಮದುವೆ... ಬೀಗರಿಗೆ ಗೊತ್ತಾದ್ರೆ... ಬೇಕಾದ್ರೆ ಹಿಂದಿನ ರೂಮಲ್ಲಿ ಕೂತು ಮಾತಾಡಿ ಬಗೆಹರಿಸ್ಕೊಳ್ಳೋಣ."

"ಮತ್ತೆ ಹಿಂದಿನದೇ!" ಮುನಿಯಲ್ಲಮ್ಮ ಬೆಂಚಿನ ಮುಂದೆ ನೆಟ್ಟಗೆ ನಿಂತಳು. "ಹಿಂದಿನ ಗೇಟು, ಹಿಂದಿನ ರೂಮು. ನಿಮಗೆ ಮುಂದಿನ ಬಾಗಿಲೇ ಗೊತ್ತಿಲ್ವಾ ಸ್ವಾಮಿ? ಕೇಸು ಬೇಡ ಕಣಪ್ಪಾ ಚನ್ನರಾಯಪ್ಪ. ಈ ತಾಯಿ ಮುಖ ನೋಡಿ ಬಿಟ್ಟಿದ್ದೀನಿ, ಇವರ ಮುಖ ನೋಡಿ ಅಲ್ಲ. ಆದ್ರೆ ನನ್ನ ಸಭೆ ಆಗ್ಬೇಕು. ಹುಡುಗ್ರೆಲ್ಲಾ ಬರ್ಲಿ."

ಗಂಟೆ ಬಾರಿಸಿದರು. ಹುಡುಗರು ಅಂಗಳ ತುಂಬ ನಿಂತರು. ಮೆಟ್ಟಿಲ ಮೇಲೆ ನಿಂತು ಕೋದಂಡರಾಮಪ್ಪ, ನೆಲ ನೋಡುತ್ತ, ಕಪ್ ಒಯ್ದವನು ತಾನು, ಬುಟ್ಟಿಗೆ ಹಾಕಿದವನೂ ತಾನು, ಮುನಿಯಲ್ಲಮ್ಮನದು ಏನೂ ತಪ್ಪಿಲ್ಲ ಎಂದರು.

"ಕೇಳಿಸ್ಲಿಲ್ಲ," ಎಂದಳು ಮುನಿಯಲ್ಲಮ್ಮ. "ಬೇವಿನ ಮರದ ಹತ್ರ ಇರೋ ಹುಡುಗ್ರಿಗೂ ಕೇಳಿಸ್ಬೇಕು."

ಮತ್ತೆ ಹೇಳಿದರು, ಜೋರಾಗಿ.

ಶ್ಯಾಮಲಮ್ಮ ಕಣ್ಣೊರೆಸಿಕೊಂಡು ಸೀರೆ ಕೊಟ್ಟರು. ಮುನಿಯಲ್ಲಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಹೆಡ್‌ಮಾಸ್ಟರು ತಲೆ ತಗ್ಗಿಸಿಯೇ ಹಾರ ಹಾಕಿದರು. ಕಡೆಗೆ ಹಿತ್ತಾಳೆ ಬಿಂದಿಗೆ ಎತ್ತಿ ಅವಳ ಮುಂದೆ ಹಿಡಿದರು.

ಮುನಿಯಲ್ಲಮ್ಮ ಬಗ್ಗಿ ಬಿಂದಿಗೆಯ ಒಳಗೆ ನೋಡಿದಳು. ಮುಟ್ಟಲಿಲ್ಲ.

"ಖಾಲಿ ಇದೆ," ಎಂದಳು.

"ಹಾಂ?"

"ಇಷ್ಟು ವರ್ಷ ದುಡಿಸ್ಕೊಂಡು ಖಾಲಿ ಪಾತ್ರೆ ಕೊಟ್ಟು ಕಳಿಸ್ತೀರಾ? ಶ್ಯಾಮಲಮ್ಮನೋರಿಗೆ ಗೊತ್ತಿರೋ ಮರ್ಯಾದೆ ಸ್ಕೂಲಿಗೆ ಗೊತ್ತಿಲ್ವಾ? ತುಂಬಿಸಿ ಕೊಡಿ."

ಕದಿರೇಶ ಓಡಿ ಬಂದ. "ಕೊಡಿ, ನಾನು ಬಾವೀಲಿ ಸೇದ್ಕೊಂಡು ಬರ್ತೀನಿ."

"ನೀನಲ್ಲ ಮೇಷ್ಟ್ರೇ." ಅವಳು ಕೈ ತೋರಿಸಿದಳು. "ಅವರು."

ಕೋದಂಡರಾಮಪ್ಪ ಸಬ್ ಇನ್‌ಸ್ಪೆಕ್ಟರ ಕಡೆ ನೋಡಿದರು. ಚನ್ನರಾಯಪ್ಪ ಬೇವಿನ ಮರದ ಎಲೆ ನೋಡುತ್ತಿದ್ದ. ಹೆಂಡತಿಯ ಕಡೆ ನೋಡಿದರು. ಶ್ಯಾಮಲಮ್ಮ ಮುಖ ತಿರುಗಿಸಿಕೊಂಡರು.

ಸೆಕ್ರೆಟರಿ ಕೋಟು ಬಿಚ್ಚಿದರು. ಬಾವಿಕಟ್ಟೆ ಹತ್ತಿ ಹಗ್ಗ ಹಿಡಿದರು. ಸೇದಿ ರೂಢಿಯಿಲ್ಲದ ಕೈ, ರಾಟೆ ಕಿರ್ರೆಂದು ಕೂಗಿತು, ನೀರು ಮೈಮೇಲೆ ಚೆಲ್ಲಿತು. ಹುಡುಗರು ನಗಲಿಲ್ಲ. ನಕ್ಕಿದ್ದರೆ ಬಾಗಿಲಮ್ಮ ಕಿವಿ ಹಿಂಡುತ್ತಿದ್ದಳು. ಬಿಂದಿಗೆಯನ್ನು ಕಂಠದ ತನಕ ತುಂಬಿಸಿ, ಎರಡೂ ಕೈಯಲ್ಲಿ ತಂದು ಅವಳ ಸೊಂಟಕ್ಕೆ ಕೊಟ್ಟರು.

ಕೊರಳಲ್ಲಿ ಹಾರ, ಸೊಂಟದಲ್ಲಿ ತುಂಬಿದ ಬಿಂದಿಗೆ. ಮುನಿಯಲ್ಲಮ್ಮ ಮೆಟ್ಟಿಲು ಹತ್ತಿ ಹಾಲಿಗೆ ಹೋದಳು. ಸೊಂಟದ ಬೀಗದ ಕೈ ಬಿಚ್ಚಿ ಬೆಂಚಿನ ಮೇಲಿಟ್ಟಳು. ಆಮೇಲೆ ತಿರುಗಿ, ಬುಟ್ಟಿ ಹೊತ್ತ ಕದಿರೇಶನನ್ನು ಹಿಂದಿಟ್ಟುಕೊಂಡು, ಮುಂಬಾಗಿಲ ಹೊಸಿಲು ದಾಟಿದಳು.

ಹೊರಗೆ ಸಂಜೆಯ ಬಿಸಿಲಲ್ಲಿ ಫೋಟೋದವನು ಮತ್ತೆ ಕರಿ ಬಟ್ಟೆ ಹೊದ್ದು ಕಾಯುತ್ತಿದ್ದ.

"ಅಮ್ಮಾ, ಅಲ್ಲೇ ನಿಲ್ಲಿ! ಕಪ್ ತರಿಸ್ಲಾ?"

"ಅದ್ಯಾಕೆ? ಬಿಂದಿಗೆ ಇದೆಯಲ್ಲ, ತೆಗಿ," ಎಂದಳು ಮುನಿಯಲ್ಲಮ್ಮ.